ಹನ್ನೊಂದನೇ ಗುಳಿ

ನಮ್ಮ ಸೋದರತ್ತೆ ತಮ್ಮ ಒಬ್ಬನೇ ಮಗನಿಗೆ ಎಣ್ಣೆಸ್ನಾನ ಮಾಡಿಸುತ್ತಿದ್ದದ್ದು ವರ್ಷಕ್ಕೊಂದೇ ಸಲ, ದೀಪಾವಳಿಯಲ್ಲಿ. ರಿವಾಲ್ವರಿಗೆ ಮಾತ್ರ ತಿಂಗಳಿಗೊಮ್ಮೆ!

ಕಣ್ಣುಜ್ಜಿಕೊಳ್ಳಬೇಡಿ, ಸರಿಯಾಗಿಯೇ ಓದಿದ್ದೀರಿ. ಕುಕ್ಕರ್ ಅಲ್ಲ, ಗ್ರೈಂಡರ್ ಅಲ್ಲ, ರಿವಾಲ್ವರ್. ಎಪ್ಪತ್ತಾರು ವರ್ಷದ, ಏಕಾದಶಿ ಮಾಡುವ, ಈರುಳ್ಳಿಯನ್ನು ಕೂಡ ಅನುಮಾನದಿಂದ ನೋಡುವ, ಜಯನಗರ ನಾಲ್ಕನೇ ಟಿ ಬ್ಲಾಕಿನ ಹೆಂಗಸೊಬ್ಬರ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಲೈಸೆನ್ಸ್ ಇರುವ ಅಪ್ಪಟ ರಿವಾಲ್ವರ್ ಇತ್ತು. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಅವರ ರಸ್ತೆಯವರೇ ನಂಬುತ್ತಿರಲಿಲ್ಲ.

ಗುಂಡು? ಗುಂಡು ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಎಲ್ಲವನ್ನೂ ಅಂಗಡಿಗೇ ವಾಪಸ್ ಕೊಟ್ಟಿದ್ದರು. ಯಾರಾದರೂ ಕೇಳಿದರೆ, "ನಮ್ಮನೇಲಿ ಎರಡು ಥರದ ಗುಂಡೂ ಇಲ್ಲಪ್ಪ, ಹಾರಿಸೋದೂ ಇಲ್ಲ, ಏರಿಸೋದೂ ಇಲ್ಲ" ಅನ್ನುತ್ತಿದ್ದರು. ಹಾಗಾದರೆ ಗುಂಡಿಲ್ಲದ ರಿವಾಲ್ವರ್ ಯಾಕೆ? ಈ ಪ್ರಶ್ನೆ ಕೇಳಿದವರಿಗೆಲ್ಲ ಅತ್ತೆ ಮರುಪ್ರಶ್ನೆ ಹಾಕುತ್ತಿದ್ದರು: "ನಿಮ್ಮನೇಲಿ ಪಿಟೀಲಿದ್ಯಲ್ಲ, ಯಾರು ನುಡಿಸ್ತಾರೆ?" ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ತಲೆತಗ್ಗಿಸದ ಮನೆ ಎಷ್ಟಿದ್ದೀತು!

ಅದು ಮೂಲತಃ ಮಾವನದು. ಅವರು ಕನಕಪುರದ ಕಡೆ ಒಂದು ಕಲ್ಲು ಕ್ವಾರಿಯಲ್ಲಿ ಮ್ಯಾನೇಜರಾಗಿದ್ದರು. ವಾರಕ್ಕೆ ಐದು ದಿನ ಆ ಕಾಡಂಚಿನ ಶೆಡ್ಡಿನಲ್ಲಿ ಒಬ್ಬರೇ ಇರಬೇಕಿತ್ತು ಎಂದು ಲೈಸೆನ್ಸ್ ಸಿಕ್ಕಿತ್ತು. ಮಾವನೋ, ಜಿರಲೆ ಕಂಡರೆ ಮಂಚ ಹತ್ತುವ ಜೀವ. ಒಂದು ಭಾನುವಾರ ಅದನ್ನು ಕ್ಲೀನ್ ಮಾಡುತ್ತೇನೆಂದು ನಡುಮನೆಯಲ್ಲಿ ಬಿಚ್ಚಿ ಹರಡಿದರು. ಬಿಚ್ಚುವುದು ಯಾರಿಗೆ ಬರುವುದಿಲ್ಲ ಹೇಳಿ? ಜೋಡಿಸಲು ಹೋದರೆ ಒಂದಕ್ಕೊಂದು ಕೂಡಲಿಲ್ಲ. ಮಧ್ಯಾಹ್ನದ ಊಟ ಆರಿತು, ಸಂಜೆಯ ಕಾಫಿ ಆರಿತು, ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸೂತಕದ ಮನೆಯವರ ಹಾಗೆ ಕೂತಿದ್ದರು. ಅತ್ತೆ ಅಡುಗೆಮನೆಯಿಂದ ಬಂದು, ಸೆರಗು ಸಿಕ್ಕಿಸಿ, "ಸರೀರಿ ಆಚೆ" ಅಂದರು. ಅರ್ಧ ಗಂಟೆಯಲ್ಲಿ ರಿವಾಲ್ವರ್ ರಿವಾಲ್ವರಾಯಿತು.

ನಾನು ಆಗ ಅಲ್ಲೇ ಇದ್ದೆ, ಏಳು ವರ್ಷದವಳು. ಇದ್ದೆನೇ? ಈ ಸಂದೇಹ ನನಗೆ ಈಚೆಗೆ ಶುರುವಾಗಿದೆ. ಆ ಕಥೆಯನ್ನು ಅತ್ತೆಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಕೇಳಿದ್ದೇ ಕಂಡದ್ದಾಗಿ ಬಿಟ್ಟಿರಬಹುದು. ಮಾವನ ಟವೆಲ್ಲಿಗೆ ಕೆಂಪು ಅಂಚಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅತ್ತೆಯನ್ನು ಕೇಳಿದರೆ, "ಟವೆಲ್ಲೇ ಇರ್ಲಿಲ್ಲ ಕಣೇ, ಬನೀನು" ಎನ್ನುತ್ತಾರೆ. ಇಂಥ ಅವಮಾನಗಳಿಂದ ಪಾರಾಗಲೆಂದೇ ನಾನು ಕಾಲೇಜಿನ ದಿನದಿಂದ ಡೈರಿ ಬರೆಯುತ್ತಿದ್ದೇನೆ. ಅದಕ್ಕೂ ಅತ್ತೆಯ ತಾತ್ಸಾರವೇ! "ಜ್ಞಾಪಕಶಕ್ತಿಗೆ ಊರುಗೋಲು" ಎಂದು ಅದಕ್ಕೆ ಹೆಸರಿಟ್ಟಿದ್ದರು.

ಅಂದಿನಿಂದ ಕ್ಲೀನ್ ಮಾಡುವುದು ಅತ್ತೆಯ ಕೆಲಸವಾಯಿತು. "ನಿಮ್ಮ ಮಾವ ಬರೀ ಲೈಸೆನ್ಸುದಾರ್ರು, ರಿವಾಲ್ವರುದಾರ್ತಿ ನಾನು" ಅನ್ನುತ್ತಿದ್ದರು. ಮಾವ ಹೋದ ಮೇಲೆ ಲೈಸೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅರ್ಜಿ ಕೊಡಲು ಹೋದಾಗ ಅಲ್ಲಿನ ಅಧಿಕಾರಿ ತುಂಬಾ ಮರ್ಯಾದೆಯಿಂದ, "ಅಮ್ಮಾ, ನಿಮಗೆ ಯಾರಿಂದಾದ್ರೂ ಜೀವಬೆದರಿಕೆ ಇದ್ಯಾ?" ಎಂದರಂತೆ.

"ಇದೆ ಸಾರ್. ಎಪ್ಪತ್ತರ ಹತ್ರ ಬಂತು. ದಿನಾ ಬೆಳಿಗ್ಗೆ ಎದ್ರೆ ಅದೇ ಬೆದರಿಕೆ."

ಆತ ನಕ್ಕು ಕಾಗದ ತೆಗೆದುಕೊಂಡರಂತೆ. ಈ ಭಾಗಕ್ಕೆ ನಾನು ಸಾಕ್ಷಿಯಲ್ಲ. ಅತ್ತೆಯೇ ಹೇಳಿದ್ದು, ಆದ್ದರಿಂದ ನಿಜವೇ ಇರಬೇಕು.

ಇನ್ನು ಎಣ್ಣೆಸ್ನಾನದ ವಿಧಿ. ಪ್ರತಿ ತಿಂಗಳ ಮೊದಲ ಶನಿವಾರ, ಎರಡನೇ ಕಾಫಿ ಆದ ಮೇಲೆ, ನಡುಮನೆಯ ನೆಲದಲ್ಲಿ ಹಳೇ ಪೇಪರ್ ಹಾಸಬೇಕು. ಅದರ ಮೇಲೆ ಇಡ್ಲಿ ಸ್ಟ್ಯಾಂಡಿನಿಂದ ಬಿಡಿಸಿದ ನಾಲ್ಕು ತಟ್ಟೆಗಳನ್ನು ಸಾಲಾಗಿ ಇಡಬೇಕು. ಹೌದು, ಇಡ್ಲಿ ತಟ್ಟೆ! ತಟ್ಟೆಗೆ ನಾಲ್ಕರಂತೆ ಹದಿನಾರು ಗುಳಿ. ರಿವಾಲ್ವರನ್ನು ಬಿಚ್ಚಿದಾಗ ದೊಡ್ಡ ಭಾಗಗಳನ್ನು ಬಿಟ್ಟರೆ ಸಿಗುವ ಸಣ್ಣ ಸಾಮಾನೂ ಸರಿಯಾಗಿ ಹದಿನಾರು. ಇದನ್ನು ಅತ್ತೆ ದೈವಸಂಕಲ್ಪವೆಂದೇ ತಿಳಿದಿದ್ದರು. ಗುಳಿಗಳ ತಳದ ತೂತಿನಲ್ಲಿ ಸ್ಕ್ರೂ ಜಾರದಿರಲೆಂದು ಮಾವನ ಹಳೇ ಪಂಚೆ ಹರಿದ ಬಟ್ಟೆ ಹಾಸುತ್ತಿದ್ದರು. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಜೋಡಿಸುವಾಗ ಹದಿನಾರರಿಂದ ಹಿಂದಕ್ಕೆ. ಇದಕ್ಕಿಂತ ದೊಡ್ಡ ಎಂಜಿನಿಯರಿಂಗ್ ಬೇಕೆ?

ಒಂದೊಂದು ತುಣುಕಿಗೂ ಅತ್ತೆ ಇಟ್ಟ ಹೆಸರು ಬೇರೆ. ಗುಂಡು ತುಂಬುವ ತಿರುಗಣೆ 'ಆರು ಮನೆ'. ಸುರುಳಿ ಸ್ಪ್ರಿಂಗು 'ಚಕ್ಲಿ'. ಹಿಂದೆ ಬಾಗಿ ನಿಂತಿರುವ ಹ್ಯಾಮರ್ 'ಗಿಳಿಮೂಗು'. ಅಕ್ಕಿಕಾಳಿನಷ್ಟೇ ಇರುವ ಒಂದು ಸ್ಕ್ರೂ 'ಗುಬ್ಬಿ'. ಗುಬ್ಬಿಯ ಗೂಡು ಹನ್ನೊಂದನೇ ಗುಳಿ, ಅಂದರೆ ಮೂರನೇ ತಟ್ಟೆಯ ಮೂರನೆಯದು. ನಳಿಗೆಯೊಳಗೆ ಬ್ರಷ್ ತೂರಿಸಿ, ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ಕಣ್ಣಲ್ಲಿ ನೋಡಿ, "ಮಗು ಕಿವಿ ಕ್ಲೀನಾಯ್ತು" ಅನ್ನುತ್ತಿದ್ದರು. ಗಾಡಿಗೆ ಹಾಕುವ ಎಣ್ಣೆ ಇಲ್ಲಿ ನಡೆಯದು. ಹೊಲಿಗೆ ಮೆಷೀನಿನ ಎಣ್ಣೆಯೇ ಆಗಬೇಕು, ಅದೂ ಕೋಳಿಪುಕ್ಕದ ತುದಿಯಲ್ಲಿ ಒಂದೊಂದೇ ಹನಿ. ಈರುಳ್ಳಿಯನ್ನೇ ಅನುಮಾನಿಸುವ ಮನೆಗೆ ಕೋಳಿಪುಕ್ಕ ಎಲ್ಲಿಂದ ಬಂತು ಎಂದು ನಾನು ಒಮ್ಮೆ ಕೇಳಿದ್ದೆ. "ತಿಲಕ್ ನಗರದಿಂದ" ಎಂದಷ್ಟೇ ಉತ್ತರ ಬಂತು.

ಆ ತಟ್ಟೆಗಳ ಹಿಂಬದಿಗೆ ಮೊಳೆಯಲ್ಲಿ 'ರಿ' ಎಂದು ಗೀಚಿತ್ತು, ಅಡುಗೆಯ ತಟ್ಟೆಗಳೊಂದಿಗೆ ಬೆರೆಯದಿರಲಿ ಎಂದು. ಆದರೂ ಒಂದು ಸಲ ಬೆರೆಯಿತು. ಆ ಬೆಳಿಗ್ಗೆ ನೆಂಟರೆಲ್ಲ ಇಡ್ಲಿ ತಿಂದು, "ಏನೋ ಹೊಸ ಪರಿಮಳ" ಎಂದು ಹೊಗಳಿ ಹೋದರು. ಅತ್ತೆ ಕೊನೆವರೆಗೂ ಬಾಯಿಬಿಡಲಿಲ್ಲ.

ಅತ್ತೆ ಈ ಕೆಲಸವನ್ನು ಬಾಗಿಲು ಹಾಕಿಕೊಂಡು ಮಾಡುತ್ತಿರಲಿಲ್ಲ. "ಕದ್ದು ಮಾಡೋಕೆ ಇದೇನು ಪಾಪವಾ?" ಒಂದು ಶನಿವಾರ ಎದುರುಮನೆಯಾಕೆ ಅರಿಶಿನ ಕುಂಕುಮಕ್ಕೆ ಕರೆಯಲು ನೇರ ಒಳಗೇ ಬಂದರು.

"ಏನ್ ಆಂಟಿ, ಮಿಕ್ಸಿ ರಿಪೇರಿನಾ?"

"ಇಲ್ಲಮ್ಮಾ, ರಿವಾಲ್ವರು."

"ಅಯ್ಯೋ ಆಂಟಿ, ನೀವು ಸಖತ್ ಜೋಕ್ ಮಾಡ್ತೀರಾ!" ಎಂದು ಹೊಟ್ಟೆ ಹಿಡಿದು ನಕ್ಕು, ಕುಂಕುಮ ಹಚ್ಚಿ ಹೋದರು. ನಿಜ ಹೇಳಿ ಪಾರಾಗುವ ಕಲೆಯನ್ನು ನಾನು ಕಲಿತದ್ದು ಅಲ್ಲೇ.

ನಂಬಿದವನು ಒಬ್ಬನೇ: ಮಹಡಿಯ ಮೇಲೆ ಬಾಡಿಗೆಗಿದ್ದ ಧಾರವಾಡ ಕಡೆಯ ಹುಡುಗ, ಬಿಟಿಎಂ ಲೇಔಟಿನಲ್ಲಿ ಆಫೀಸು. ನೀರಿನ ಮೋಟರ್ ವಿಷಯ ಹೇಳಲು ಕೆಳಗಿಳಿದು ಬಂದವನು ಬಾಗಿಲಲ್ಲೇ ಕಲ್ಲಾದ.

"ಅಮ್ಮಾರ... ಇದು ಖರೇನೇ ಐತೇನ್ರಿ?"

"ಖರೇನೇ ಕಣಪ್ಪ. ಏನೋ ಹೇಳೋಕೆ ಬಂದ್ಯಲ್ಲ?"

"ಏನಿಲ್ರಿ. ನಿಮ್ಮ ಮೋಟರ್ ಭಾಳ ಚಲೋ ಐತ್ರಿ."

ಅಂದಿನಿಂದ ಅವನು ಬೈಕನ್ನು ಗೇಟಿನಾಚೆಯೇ ಆಫ್ ಮಾಡಿ, ಹಸುವನ್ನು ಹಟ್ಟಿಗೆ ನಡೆಸಿಕೊಂಡು ಬರುವ ಹಾಗೆ ತಳ್ಳಿಕೊಂಡು ಬರುತ್ತಿದ್ದ.

ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸ್ ಇರುವವರು ಆಯುಧವನ್ನು ಠಾಣೆಗೆ ಒಪ್ಪಿಸಿ ಬರಬೇಕು. ಅತ್ತೆ ಅದನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು, ಮೇಲೆ ಲೈಸೆನ್ಸ್ ಪುಸ್ತಕವಿಟ್ಟು, ಆಟೋದಲ್ಲಿ ಹೊರಡುತ್ತಿದ್ದರು. ಜೊತೆಗೆ ನಾನು. ಒಂದು ಸಲ ಅಲ್ಲಿನ ಪೇದೆ ಅದನ್ನು ತಿರುಗಿಸಿ ನೋಡಿ, "ಏನಮ್ಮಾ, ನಮ್ಮದಕ್ಕಿಂತ ಫಳಫಳ ಅಂತಿದೆ!" ಅಂದ. ಅವನು ಹೇಳಿದ್ದು ಹೊಗಳಿಕೆ. ಅತ್ತೆಯ ಕಿವಿಗೆ ಅದು ಪಾಠಕ್ಕೆ ಆಮಂತ್ರಣವಾಗಿ ಕೇಳಿಸಿತು. ಇಪ್ಪತ್ತು ನಿಮಿಷ ಇಡ್ಲಿ ತಟ್ಟೆಯ ಮಹಿಮೆ ಹೇಳಿದರು. ಪೇದೆ ಅಷ್ಟೂ ಹೊತ್ತು ನಿಂತೇ ಕೇಳಿದ, ಪುಣ್ಯಾತ್ಮ.

ಇಷ್ಟೆಲ್ಲ ನಗುನಗುತ್ತಾ ಬರೆದೆ. ಈಗ ಬರೆಯಬೇಕಾದದ್ದಕ್ಕೆ ಪೆನ್ನು ಸ್ವಲ್ಪ ಹಟ ಮಾಡುತ್ತಿದೆ.

ಅತ್ತೆಯ ನಿಘಂಟಿನಲ್ಲಿ 'ಮರೆತೆ' ಎಂಬ ಪದವೇ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿಲ್ಲವೇ? "ಮರ್ತಿಲ್ಲ ಕಣೇ, ಇನ್ನೂ ನೆನಪಾಗಿಲ್ಲ ಅಷ್ಟೇ." ಎದುರುಮನೆಯಾಕೆಯ ಹೆಸರು? "ಇನ್ನೂ ನೆನಪಾಗಿಲ್ಲ." ಮೊದಮೊದಲು ನಾವೆಲ್ಲ ಇದನ್ನು ಅತ್ತೆಯ ಇನ್ನೊಂದು ಜೋಕೆಂದು ನಗುತ್ತಿದ್ದೆವು. ಹಾಲು ವಾರಕ್ಕೆರಡು ಸಲ ಉಕ್ಕಿದಾಗ ನಗು ಕಡಿಮೆಯಾಯಿತು. ಒಂದು ದಿನ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆಂದು ಹೊರಟವರು ಬಸ್ಸಿನಲ್ಲಿ ಕೂತೇ ಇದ್ದು ಪದ್ಮನಾಭನಗರದಲ್ಲಿ ಇಳಿದರು. ಯಾರದೋ ಟ್ಯೂಷನ್ ಸೆಂಟರಿನ ಕಟ್ಟೆಯ ಮೇಲೆ ಕೂತು ನನಗೆ ಫೋನ್ ಮಾಡಿದರು. ನಾನಿರುವ ಜೆಪಿ ನಗರದಿಂದ ಓಡಿಹೋದೆ. "ತಪ್ಪಿಸ್ಕೊಂಡಿಲ್ಲ. ಈ ಕಡೆ ನೋಡಿ ತುಂಬಾ ದಿನ ಆಗಿತ್ತು" ಅಂದರು. ನನ್ನ ಕೈಯನ್ನು ಮಾತ್ರ ಮನೆ ತಲುಪುವವರೆಗೂ ಬಿಡಲಿಲ್ಲ.

ಅದೇ ವರ್ಷ ಲೈಸೆನ್ಸ್ ರಿನ್ಯೂವಲ್ಲೂ ಬರಬೇಕೆ! ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು: ದೇಹ ಸರಿಯಿದೆ, ಮನಸ್ಸು ಸರಿಯಿದೆ. ಅತ್ತೆಯ ಮಗ, ಅಂದರೆ ನಮ್ಮ ಭಾವ, ಅದೇ ಮನೆಯಲ್ಲಿರುವವರು, ಜಿರಲೆಯ ವಿಷಯದಲ್ಲಿ ಅಪ್ಪನ ಮಗ. ಅವರಿಗೆ ಇದೇ ಸಮಯ ಎನಿಸಿತು.

"ಅಮ್ಮಾ, ಸಾಕು. ಠಾಣೆಗೆ ಕೊಟ್ಟುಬಿಡೋಣ. ನಿನಗೆ ಈಗೀಗ ಮರೆವು..."

"ಯಾರಿಗೆ?"

"ನಿನಗಮ್ಮಾ."

"ನಿನ್ನ ಹುಟ್ಟಿದಬ್ಬ ನೆನಪಿದೆ. ನಿನ್ನ ಗಣಿತದ ಮಾರ್ಕ್ಸೂ ನೆನಪಿದೆ. ಹೇಳ್ಲಾ?"

ಆಮೇಲೆ ಅತ್ತೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ತಮ್ಮ ಕಾನೂನು ಹೇಳಿದರು. "ಕೇಳ್ಕೊಳಿ ಇಬ್ರೂ. ಎಲ್ಲಾ ಜೋಡಿಸಿದ ಮೇಲೆ ಯಾವತ್ತು ಒಂದು ಗುಳೀಲಿ ಒಂದು ಸಾಮಾನು ಉಳಿಯತ್ತೋ, ಅವತ್ತು ನಾನೇ ಹೋಗಿ ಕೊಟ್ಟು ಬರ್ತೀನಿ. ನೀವು ಯಾರೂ ಹೇಳೋದು ಬೇಡ. ಅಲ್ಲೀವರ್ಗೂ ಬಾಯಿ ಮುಚ್ಕೊಂಡಿರಿ."

ನಾನು ಅತ್ತೆಯ ಪಕ್ಷ. ಅದನ್ನು ಈಗಲೂ ಮುಚ್ಚಿಡುವುದಿಲ್ಲ. ಭಾವನ ಮಾತು ತಪ್ಪೆಂದಲ್ಲ. ಆದರೆ ಎಲ್ಲರೂ ಸೇರಿ ಒಬ್ಬರ ಕೈಯಿಂದ ಒಂದೊಂದೇ ಕಿತ್ತುಕೊಳ್ಳುವುದಿದೆಯಲ್ಲ, ಮೊದಲು ಗ್ಯಾಸಿನ ಲೈಟರ್, ಆಮೇಲೆ ಬಸ್ಸಿನ ಪಾಸು, ಆಮೇಲೆ ಮನೆಯ ಬೀಗದಕೈ, ಎಲ್ಲವೂ 'ನಿನ್ನ ಒಳ್ಳೇದಕ್ಕೆ' ಎಂದು, ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಡಾಕ್ಟರು ನಮ್ಮ ಮನೆತನಕ್ಕೆ ಮೂವತ್ತು ವರ್ಷದಿಂದ ಪರಿಚಿತರು, ಅವರಿಗೂ ಎಪ್ಪತ್ತು ದಾಟಿದೆ. ಸರ್ಟಿಫಿಕೇಟಿಗೆ ಮೊದಲು ಒಂದಿಷ್ಟು ಪ್ರಶ್ನೆ ಕೇಳಬೇಕು ಎಂದು ಮನೆಗೇ ಬಂದರು. ಶನಿವಾರ ಬೆಳಿಗ್ಗೆ ಎಂದು ಡೈರಿಯಲ್ಲಿದೆ, ಭಾನುವಾರವೆಂದು ನನ್ನ ಜ್ಞಾಪಕ. ಊರುಗೋಲನ್ನೇ ನಂಬುತ್ತೇನೆ.

"ಅಮ್ಮಾ, ಮೂರು ಪದ ಹೇಳ್ತೀನಿ, ಆಮೇಲೆ ಕೇಳ್ತೀನಿ. ನಿಂಬೆಹಣ್ಣು, ಬೀಗ, ನವಿಲು."

"ಇದೇನು ಕಥೆ ಡಾಕ್ಟ್ರೇ? ನವಿಲಿಗೆ ಬೀಗ ಯಾಕೆ?"

ಅವರು ನಕ್ಕು, ನೂರರಿಂದ ಏಳೇಳು ಕಳೆಯಲು ಹೇಳಿದರು. ಅತ್ತೆ ಸರಸರ ಇಳಿದರು. ಗಡಿಯಾರ ಬರೆಯಲು ಹೇಳಿದರು. ಬರೆದರು, ಲೋಲಕ ಸಮೇತ. "ಈಗ ಆ ಮೂರು ಪದ ಹೇಳಿ."

"ನಿಂಬೆಹಣ್ಣು. ಬೀಗ." ಅತ್ತೆ ಕಿಟಕಿಯ ಕಡೆ ನೋಡಿದರು. ಹೊರಗೆ ಹೊಂಗೆಮರದಲ್ಲಿ ಕಾಗೆಯಿತ್ತು, ನವಿಲಿರಲಿಲ್ಲ. "ಮೂರನೇದು ಇನ್ನೂ ನೆನಪಾಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಭಾವ ನನ್ನ ಮುಖ ನೋಡಿದರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಅತ್ತೆಗೆ ಎಲ್ಲವೂ ಕಂಡಿತು.

"ನಿಮ್ಮ ಸಿಲಬಸ್ಸಲ್ಲಿ ಪರೀಕ್ಷೆ ತೊಗೊಂಡ್ರಿ. ಈಗ ನನ್ನ ಸಿಲಬಸ್ಸಲ್ಲಿ ನೋಡಿ" ಎಂದು ಎದ್ದರು. ಪೇಪರ್ ಬಂತು, ತಟ್ಟೆ ಬಂತು, ಪಂಚೆಯ ಬಟ್ಟೆ ಬಂತು. ಡಾಕ್ಟರು ತಮಗೇ ತಿಳಿಯದೆ ಕಾಲು ಮಡಚಿ ಸೋಫಾದ ಮೇಲೇರಿಸಿಕೊಂಡರು. ಅತ್ತೆ ಆರು ಮನೆಯನ್ನು ಹೊರಳಿಸಿ, "ನೋಡ್ಕೊಳಿ, ಯಾವ ಮನೇಲೂ ಯಾರೂ ಇಲ್ಲ" ಎಂದು ತೋರಿಸಿದ ಮೇಲೇ ಅವರ ಕಾಲು ಕೆಳಗಿಳಿದದ್ದು.

ಆ ಬೆರಳುಗಳನ್ನು ನೋಡಬೇಕಿತ್ತು! ಕಾಫಿ ಲೋಟ ಹಿಡಿದರೆ ನಡುಗುವ ಬೆರಳುಗಳು ಸ್ಕ್ರೂ ತಿರುಗಿಸುವಾಗ ನಡುಗಲಿಲ್ಲ. ಚಕ್ಲಿ ಇಲ್ಲಿ, ಗಿಳಿಮೂಗು ಇಲ್ಲಿ, ಗುಬ್ಬಿ ಇಲ್ಲಿ. ಒರೆಸಿದರು, ಉಜ್ಜಿದರು, ನಳಿಗೆಯನ್ನು ಕಣ್ಣಿಗೆ ಹಿಡಿದರು, ಪುಕ್ಕದಲ್ಲಿ ಎಣ್ಣೆ ಮುಟ್ಟಿಸಿದರು. ಹದಿನಾರರಿಂದ ಹಿಂದಕ್ಕೆ ಜೋಡಿಸತೊಡಗಿದರು. ಡಾಕ್ಟರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ಕೊನೆಗೆ ಹಿಡಿಕೆಯ ಸ್ಕ್ರೂ ಬಿಗಿಯಿತು. ಅತ್ತೆ ರಿವಾಲ್ವರನ್ನು ಪೇಪರಿನ ಮೇಲಿಟ್ಟು ಕೈ ಒರೆಸಿಕೊಂಡರು.

ಮೂರನೇ ತಟ್ಟೆಯ ಮೂರನೇ ಗುಳಿಯಲ್ಲಿ ಗುಬ್ಬಿ ಕೂತಿತ್ತು.

ಅದನ್ನು ಮೊದಲು ಕಂಡವಳು ನಾನು. ಅಕ್ಕಿಕಾಳಿನಷ್ಟು. ಡಾಕ್ಟರಿಗೆ ಕಂಡಿರಲಿಕ್ಕಿಲ್ಲ, ಬಾಗಿಲಲ್ಲಿದ್ದ ಭಾವನಿಗಂತೂ ಇಲ್ಲ. ನನ್ನ ಕೈ ನನ್ನನ್ನು ಕೇಳದೆಯೇ ಮುಂದೆ ಹೋಯಿತು. ತಟ್ಟೆ ಎತ್ತಿಡುವವಳ ಹಾಗೆ ಹೆಬ್ಬೆರಳನ್ನು ಗುಳಿಯ ಮೇಲಿಟ್ಟೆ. ಆಯಿತು, ಮುಗಿಯಿತು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ!

"ಕೈ ತೆಗಿ" ಅಂದರು ಅತ್ತೆ. "ಅದು ನಂದು."

ತೆಗೆದೆ. ಅತ್ತೆ ಗುಬ್ಬಿಯನ್ನು ಅಂಗೈಗೆ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಮರ್ತೆ."

ನಾನು ಹುಟ್ಟಿದಂದಿನಿಂದ ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು. ಭಾವ ಒಳಗೆ ಬಂದು ಏನೋ ಹೇಳಲು ಹೋದರು. ಅತ್ತೆ ಕೈ ಎತ್ತಿ ತಡೆದರು. ಮತ್ತೆ ಬಿಚ್ಚಲು ಶುರುಮಾಡಿದರು. ಮೊದಲಿಂದ. ಒಂದನೇ ಗುಳಿ, ಎರಡನೇ ಗುಳಿ. ವಾಪಸ್ ಬರುವಾಗ ಹನ್ನೊಂದಕ್ಕೆ ಬಂದು, ಗುಬ್ಬಿಯನ್ನು ಅದರ ಜಾಗಕ್ಕೆ ಇಳಿಸಿ, ಒಂದು, ಎರಡು, ಎರಡೂವರೆ ಸುತ್ತು ತಿರುಗಿಸಿದರು. ಬಿಗಿಯಾದ ಕೂಡಲೇ ತಲೆಯೆತ್ತಿ ಕೂಗಿದರು:

"ನವಿಲು!"

ಡಾಕ್ಟರು ಬೆಚ್ಚಿಬಿದ್ದು, ಆಮೇಲೆ ಗಟ್ಟಿಯಾಗಿ ನಕ್ಕರು. "ಆಯ್ತಮ್ಮಾ. ಇಷ್ಟು ಮಾಡೋಕೆ ನನ್ನ ಕೈಲಿ ಆಗಲ್ಲ. ಕೊಡಿ ಫಾರ್ಮು, ಸೈನ್ ಹಾಕ್ತೀನಿ."

"ಬೇಡ."

"ಯಾಕಮ್ಮಾ? ಪಾಸಾದ್ರಲ್ಲ!"

"ನಿಮ್ಮ ಪರೀಕ್ಷೇಲಿ ಪಾಸು. ನಂದ್ರಲ್ಲಿ ಫೇಲು. ನನ್ನ ಪರೀಕ್ಷೆ ಕಷ್ಟ ಡಾಕ್ಟ್ರೇ, ಅದ್ರಲ್ಲಿ ಗ್ರೇಸ್ ಮಾರ್ಕ್ಸಿಲ್ಲ."

ಭಾವ ಗೆದ್ದರು ಎನ್ನಬೇಕಲ್ಲವೇ? ಆದರೆ ಅವರ ಕಣ್ಣು ತುಂಬಿತ್ತು. "ಇನ್ನೊಂದ್ ತಿಂಗಳು ನೋಡೋಣಮ್ಮಾ" ಎಂದರು, ಆ ಜಿರಲೆಯ ಶೂರರು! ಅತ್ತೆ ಕೇಳಲಿಲ್ಲ, ಉಳಿದ ಹತ್ತು ಸಾಮಾನನ್ನೂ ಜೋಡಿಸಿ ಎದ್ದರು. ಹನ್ನೆರಡು ಗಂಟೆಯೊಳಗೆ ತರಕಾರಿ ಚೀಲ ಆಟೋ ಹತ್ತಿತ್ತು.

ಠಾಣೆಯಲ್ಲಿ ಅದೇ ಪೇದೆ, ಈಗ ಮೀಸೆ ನೆರೆತಿತ್ತು. ಅರ್ಜಿಯಲ್ಲಿ 'ಕಾರಣ' ಎಂಬ ಜಾಗ ಖಾಲಿಯಿತ್ತು. "ವಯಸ್ಸಾಗಿದೆ ಅಂತ ಬರೀಲಾಮ್ಮಾ?" ಎಂದು ಅವನು ಮೆತ್ತಗೆ ಕೇಳಿದ. ಅತ್ತೆ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ತಾವೇ, ದುಂಡಗೆ, ಬರೆದರು: 'ಸ್ವಇಚ್ಛೆ.' ಅದರ ಕೆಳಗೆ ಒಂದು ಗೆರೆಯನ್ನೂ ಎಳೆದರು. "ತಿಂಗಳಿಗೊಂದ್ಸಲ ಎಣ್ಣೆ ಮುಟ್ಟಿಸಪ್ಪ. ಹನ್ನೊಂದನೇದು ಹುಷಾರು" ಎಂದು ಹೇಳಿ ಹೊರಟರು. ಅವನು ಎದ್ದು ನಿಂತು ಸೆಲ್ಯೂಟ್ ಹೊಡೆದ ಎಂದು ನನಗೆ ನೆನಪಿದೆ. ಡೈರಿಯಲ್ಲಿ ಹಾಗೇನೂ ಇಲ್ಲ. ಇರಲಿ, ಇದೊಂದು ವಿಷಯದಲ್ಲಿ ನಾನು ಡೈರಿಯನ್ನು ನಂಬುವುದಿಲ್ಲ.

ಮುಂದಿನ ತಿಂಗಳ ಮೊದಲ ಶನಿವಾರ ಅತ್ತೆಯ ಮನೆಗೆ ಹೋಗಲು ನನಗೆ ಅಳುಕು. ಆ ಹೊತ್ತಿನಲ್ಲಿ ಅವರು ಖಾಲಿ ಕೈಯಲ್ಲಿ ಕೂತಿರುವುದನ್ನು ನೋಡುವುದು ಹೇಗೆ? ಹೋದೆ. ಅಡುಗೆಮನೆಯಿಂದ ಆವಿ ಬರುತ್ತಿತ್ತು. 'ರಿ' ಎಂದು ಗೀಚಿದ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ಬಟ್ಟೆ ಹಾಸಿ, ಹಿಟ್ಟು ಹುಯ್ದಿದ್ದರು.

"ಕೂತ್ಕೋ. ಹನ್ನೊಂದನೇ ಗುಳೀದು ನಿಂಗೆ" ಎಂದು ಒಂದು ಇಡ್ಲಿಯನ್ನು ಬೇರೆಯಾಗಿ ಎತ್ತಿ ನನ್ನ ತಟ್ಟೆಗೆ ಹಾಕಿದರು. ಪಕ್ಕದಲ್ಲಿ ಚಟ್ನಿ. ನಿಂತುಕೊಂಡು ನನ್ನ ಮುಖವನ್ನೇ ನೋಡತೊಡಗಿದರು. "ಎಣ್ಣೆ ವಾಸನೆ ಬರ್ತಿದ್ಯಾ?"

"ಇಲ್ಲ ಅತ್ತೆ." ಬರುತ್ತಿತ್ತು.

"ಚಟ್ನಿ?"

ಚಟ್ನಿಗೆ ಉಪ್ಪೇ ಬಿದ್ದಿರಲಿಲ್ಲ. ನನ್ನ ಬಾಯಿ ಒಂದು ಕ್ಷಣ ನಿಂತಿರಬೇಕು, ಅವರ ಮುಖ ಸಣ್ಣಗಾಯಿತು. ಠಾಣೆಯಲ್ಲಿ ಆಗದ್ದು ಇಲ್ಲಿ, ಒಂದು ಚಿಟಿಕೆ ಉಪ್ಪಿಗೆ ಆಯಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ತೀರ್ಪಿಗೆ ಕಾಯುವ ಮಗುವಿನ ಹಾಗೆ ನಿಂತರು.

"ಏನಿಲ್ಲ ಅತ್ತೆ" ಎಂದೆ. "ಉಪ್ಪಿಗೆ ನಿಮ್ಮ ಚಟ್ನಿ ಇನ್ನೂ ನೆನಪಾಗಿಲ್ಲ."

ಅತ್ತೆ ಉಪ್ಪಿನ ಡಬ್ಬಿ ತಂದು ಠಕ್ಕೆಂದು ನನ್ನ ಮುಂದಿಟ್ಟು, ನನ್ನ ತಲೆಯ ಮೇಲೊಂದು ಮೊಟಕಿ, ಅಂಗೈಯನ್ನು ಹಾಗೇ ಅಲ್ಲೇ ಬಿಟ್ಟರು.

"ಅದು ಉಪ್ಪಿನ ತಪ್ಪು ಕಣೇ" ಅಂದರು. "ನಂದಲ್ಲ."